ಮಳೆ ನಿಂತ ಮೇಲಿನ ಸೀನು, ಮುಚ್ಚಿದ ಕಿವಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ಇಪ್ಪತ್ತೇಳು ವರ್ಷ ಔಷಧಿ ಅಂಗಡಿ ನಡೆಸಿದವನು ನಾನು. ದಸರೆ ಹತ್ತಿರವಾಗುತ್ತಿದ್ದಂತೆ ಗಲ್ಲಾದ ಮುಂದೆ ಬಂದು ನಿಲ್ಲುತ್ತಿದ್ದ ಕನ್ನಡದವರ ಪ್ರಶ್ನೆಗಳು ವರ್ಷ ವರ್ಷವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇರುತ್ತಿದ್ದವು. ಅಂಗಡಿಯನ್ನು ಅಳಿಯನಿಗೆ ಒಪ್ಪಿಸಿದ ಮೇಲೂ ಅವು ನಿಂತಿಲ್ಲ. ಪುಣೆಯಿಂದ ಫೋನಿನಲ್ಲಿ, ಗೋವಾದ ವಾಸ್ಕೋದಿಂದ ಪತ್ರದಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯಿಂದ ಬರುತ್ತಲೇ ಇವೆ. ಹೆಚ್ಚಿನವರು ಮೂಗಿನ ತಪ್ಪಿಗೆ ಕಿವಿಯನ್ನು ಹಿಡಿದುಕೊಂಡು ಬರುತ್ತಾರೆ. ಕೆಲವರು ಮಾತ್ರ ಕಿವಿಗೇ ಅಪಾಯ ಬಂದಾಗಲೂ ಮೂಗನ್ನು ದೂರುತ್ತಾ ಕೂರುತ್ತಾರೆ. ನನಗೆ ಚಿಂತೆ ಅವರದು. ನಾನು ವೈದ್ಯನಲ್ಲ. ಯಾವ ಪ್ರಶ್ನೆ ಅಂಗಡಿಯಲ್ಲೇ ಮುಗಿಯುತ್ತದೆ, ಯಾವುದು ವೈದ್ಯರ ಬಳಿಗೇ ಹೋಗಬೇಕು ಎಂಬುದನ್ನಷ್ಟೇ ಕಲಿತವನು.

## ಮೊದಲಿಗೆ ತಿಳಿಯಬೇಕಾದ್ದು

ಮಳೆಗಾಲವಿಡೀ ಚೆನ್ನಾಗಿಯೇ ಇದ್ದೆ. ಮಳೆ ನಿಂತ ಮೇಲೆ ಸೀನು ಹತ್ತಿಕೊಂಡಿದೆ. ಇದೇನು ಉಲ್ಟಾ ಲೆಕ್ಕ?

ಲೆಕ್ಕ ಸರಿಯಾಗಿಯೇ ಇದೆ. ಮುಂಬಯಿ, ಪುಣೆಗಳಿಂದ ಮುಂಗಾರು ಸಾಮಾನ್ಯವಾಗಿ ಅಕ್ಟೋಬರ್ ಎರಡನೆಯ ವಾರದ ಹೊತ್ತಿಗೆ ಕಾಲ್ತೆಗೆಯುತ್ತದೆ. ಅದಕ್ಕೂ ಹಿಂದಿನ ನಾಲ್ಕು ತಿಂಗಳ ತೇವದಲ್ಲಿ ಧೂಳುಹುಳುಗಳು ನಿಮ್ಮ ಹಾಸಿಗೆ, ದಿಂಬು, ಸೋಫಾಗಳೊಳಗೆ ದೊಡ್ಡ ಸಂಸಾರ ಹೂಡಿರುತ್ತವೆ. ಕಣ್ಣಿಗೆ ಕಾಣದ ಈ ಹುಳುಗಳು ಕಚ್ಚುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟನ್ನು ತಿಂದು, ಗಾಳಿಯ ತೇವವನ್ನು ಹೀರಿ ಬದುಕುತ್ತವೆ. ಅಲರ್ಜಿ ತರುವುದು ಮುಖ್ಯವಾಗಿ ಅವುಗಳ ಹಿಕ್ಕೆ. ಗಾಳಿ ಒಣಗಿದಾಗ ಹುಳು ಸತ್ತರೂ ಹಿಕ್ಕೆ ಉಳಿಯುತ್ತದೆ, ಹಾಸಿಗೆ ಕೊಡವಿದಾಗ ಮೂಗಿಗೆ ಏರುತ್ತದೆ. ಗೋಡೆಯ ಬೂಷ್ಟಿನ ಕೆಲವು ಜಾತಿಗಳೂ ಒಣ ಗಾಳಿಯಲ್ಲೇ ತಮ್ಮ ಬೀಜಕಣಗಳನ್ನು ತೂರುವುದು.

ಹೊರಗಿನ ಕಥೆ ಬೇರೆ. ಮಳೆಗೆ ಬೆಳೆದ ಹುಲ್ಲು ಈಗ ಹೂಬಿಡುತ್ತದೆ. ಗೋವಾದಲ್ಲಿ ಬತ್ತದ ಕೊಯ್ಲಿನ ಹೊಟ್ಟು ಹಾರುತ್ತದೆ. ಮುಂಬಯಿಯಲ್ಲಿ ದಿನವೂ ಮಳೆ ತೊಳೆದು ಕೊಡುತ್ತಿದ್ದ ಕಟ್ಟಡದ ಧೂಳನ್ನು ಈಗ ತೊಳೆಯುವವರಿಲ್ಲ. ಪುಣೆಯಲ್ಲಿ ರಾತ್ರಿ ತಂಪಾಗತೊಡಗಿದೊಡನೆ ಹೊಗೆಯೂ ಧೂಳೂ ಬೆಳಗಿನವರೆಗೆ ನೆಲದ ಹತ್ತಿರವೇ ಕವುಚಿಕೊಂಡಿರುತ್ತವೆ.

ಇದು ನೆಗಡಿಯೋ ಅಲರ್ಜಿಯೋ? ನನಗಂತೂ ಎರಡೂ ಒಂದೇ ಥರ ಕಾಣುತ್ತವೆ.

ತುರಿಕೆಯನ್ನು ನೋಡಿ. ಮೂಗಿನ ಒಳಗೆ, ಕಣ್ಣಿನಲ್ಲಿ, ಅಂಗುಳಿನಲ್ಲಿ, ಕಿವಿಯ ಆಳದಲ್ಲಿ ತುರಿಕೆ ಇದ್ದು, ಸಾಲಾಗಿ ಏಳೆಂಟು ಸೀನು ಬಂದು, ನೀರಿನಂಥ ಸಿಂಬಳ ಸುರಿದರೆ ಅದು ಅಲರ್ಜಿ ಇರುವ ಸಾಧ್ಯತೆಯೇ ಹೆಚ್ಚು. ನೆಗಡಿ ಗಂಟಲು ನೋವಿನಿಂದ ಶುರುವಾಗಿ ಏಳರಿಂದ ಹತ್ತು ದಿನಗಳಲ್ಲಿ ಇಳಿಯುತ್ತದೆ. ಅಲರ್ಜಿ ವಾರಗಟ್ಟಲೆ ಎಳೆಯುತ್ತದೆ, ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಜೋರಾಗಿರುತ್ತದೆ. ಅಲರ್ಜಿಯಲ್ಲಿ ಜ್ವರ ಬರುವುದಿಲ್ಲ. ಈ ತಿಂಗಳುಗಳಲ್ಲಿ ನಮ್ಮ ಕಡೆ ಡೆಂಗಿಯೂ ಹೆಚ್ಚು. ಮೈ ಸುಡುತ್ತಿದ್ದರೆ ಸೀನಿನ ಮಾತ್ರೆ ಕೇಳುತ್ತಾ ನಿಲ್ಲಬೇಡಿ, ರಕ್ತ ಪರೀಕ್ಷೆಗೆ ಹೋಗಿ.

ಸೀನುವುದು ಮೂಗು, ಮುಚ್ಚುವುದು ಕಿವಿ. ಇವೆರಡಕ್ಕೂ ಏನು ನೆಂಟಸ್ತನ?

ಒಂದೇ ಮನೆಯ ಎರಡು ಕೋಣೆಗಳು. ಕಿವಿತಮಟೆಯ ಹಿಂದಿರುವ ಗಾಳಿ ತುಂಬಿದ ಪುಟ್ಟ ಗೂಡಿನಿಂದ ಮೂಗಿನ ಹಿಂಭಾಗಕ್ಕೆ ಒಂದು ನಾಳವಿದೆ; ದೊಡ್ಡವರಲ್ಲಿ ಸುಮಾರು 3.5 ಸೆಂಟಿಮೀಟರ್ ಉದ್ದ. ಇದೇ ಯುಸ್ಟೇಶಿಯನ್ ನಾಳ. ಸಾಮಾನ್ಯವಾಗಿ ಮುಚ್ಚಿಕೊಂಡೇ ಇದ್ದು, ಉಗುಳು ನುಂಗುವಾಗ, ಆಕಳಿಸುವಾಗ ಕ್ಷಣಕಾಲ ತೆರೆದು ಒಳಗಿನ ಒತ್ತಡವನ್ನು ಹೊರಗಿನದಕ್ಕೆ ಸರಿದೂಗಿಸುತ್ತದೆ. ಅಲರ್ಜಿಯಿಂದ ಮೂಗಿನ ಒಳಪೊರೆ ಊದಿಕೊಂಡಾಗ ಈ ನಾಳದ ಬಾಯಿಯೂ ಊದಿಕೊಳ್ಳುತ್ತದೆ. ಒಳಗಿನ ಗಾಳಿ ನಿಧಾನವಾಗಿ ರಕ್ತದಲ್ಲಿ ಹೀರಿಹೋಗಿ, ತಮಟೆ ಒಳಕ್ಕೆ ಸೆಳೆದುಕೊಳ್ಳುತ್ತದೆ. ಆಗಲೇ ಕಿವಿಯಲ್ಲಿ ಹತ್ತಿ ತುರುಕಿದಂತಾಗುವುದು, ನುಂಗಿದಾಗ ಟಪ್ಪೆನ್ನುವುದು, ನಮ್ಮ ದನಿ ನಮಗೇ ಕೊಡದೊಳಗಿಂದ ಬಂದಂತೆ ಕೇಳುವುದು.

ಅಂಥವರು ಅಂಗಡಿಗೆ ಬಂದು ಕಿವಿಗೆ ಹಾಕುವ ತೊಟ್ಟಿನ ಔಷಧಿ ಕೇಳುತ್ತಾರೆ. ತೂತಿಲ್ಲದ ತಮಟೆಯನ್ನು ದಾಟಿ ಆ ತೊಟ್ಟು ಎಲ್ಲಿಗೂ ಹೋಗುವುದಿಲ್ಲ. ಔಷಧಿ ಬೇಕಾಗಿರುವುದು ಮೂಗಿಗೆ.

ರಾತ್ರಿ ನಮ್ಮ ಬೀದಿಯಲ್ಲಿ ಹಾಲೆ ಮರದ ವಾಸನೆ ತಲೆ ಸಿಡಿಸುತ್ತದೆ. ಅಲರ್ಜಿಗೆ ಅದೇ ಕಾರಣವೇ?

ಮರಾಠಿಯವರು ಸಾತ್ವೀಣ ಎನ್ನುವ ಸಪ್ತಪರ್ಣಿ ಇದು. ಮುಂಬಯಿ, ಪುಣೆಗಳ ರಸ್ತೆ ಬದಿಯಲ್ಲಿ ಸಾಲುಸಾಲಾಗಿ ನೆಟ್ಟಿದ್ದಾರೆ, ಅಕ್ಟೋಬರ್–ನವೆಂಬರ್‌ನಲ್ಲಿ ಹೂಬಿಡುತ್ತದೆ. ಇದರ ಪರಾಗವನ್ನು ಹೊತ್ತೊಯ್ಯುವುದು ಹೆಚ್ಚಾಗಿ ಕೀಟಗಳು, ಗಾಳಿಯಲ್ಲ. ಹುಲ್ಲಿನ ಪರಾಗದಂತೆ ಇದು ಊರೆಲ್ಲ ತೇಲುವುದಿಲ್ಲ. ಆದರೆ ಗಾಢವಾದ ವಾಸನೆ ಮೊದಲೇ ಕೆರಳಿದ ಮೂಗನ್ನು ಮತ್ತಷ್ಟು ಕೆಣಕಬಲ್ಲದು, ತಲೆನೋವು ತರಬಲ್ಲದು. ಸಂಜೆಯಾದ ಮೇಲೆ ಆ ಕಡೆಯ ಕಿಟಕಿ ಮುಚ್ಚಿ. ತುಳುನಾಡಿನವರು ಮರದ ಮೇಲೆ ತೀರಾ ಸಿಟ್ಟಾಗಬೇಡಿ, ಆಟಿ ಅಮಾವಾಸ್ಯೆಯ ಬೆಳಿಗ್ಗೆ ಮುಖ ಕಿವಿಚಿಕೊಂಡು ಕುಡಿಯುವ ಪಾಲೆಯ ಕಷಾಯ ಇದರದೇ ತೊಗಟೆಯದು.

ಊರಲ್ಲಿದ್ದಾಗ ಏನೂ ಇರಲಿಲ್ಲ, ಪುಣೆಗೆ ಬಂದ ಮೇಲೆ ಕಣ್ಣುರೆಪ್ಪೆ, ಕುತ್ತಿಗೆಯೆಲ್ಲ ಕೆಂಪಾಗಿ ತುರಿಸುತ್ತದೆ. ಏನಿರಬಹುದು?

ಖಾಲಿ ಸೈಟಿನ ಅಂಚಿನಲ್ಲಿ ಕ್ಯಾರೆಟ್ ಎಲೆಯಂಥ ಎಲೆ, ಪುಟ್ಟ ಬಿಳಿ ಹೂವಿನ ಗಿಡ ಕಾಣುತ್ತಿದೆಯೇ? ನಮ್ಮ ಕಾಂಗ್ರೆಸ್ ಗಿಡ, ಮರಾಠಿಯವರ ಗಾಜರ್ ಗವತ್, ಪುಸ್ತಕದಲ್ಲಿ ಪಾರ್ಥೇನಿಯಂ. ಭಾರತದಲ್ಲಿ ಇದು ಸಸ್ಯಶಾಸ್ತ್ರಜ್ಞರ ಕಣ್ಣಿಗೆ ಬಿದ್ದದ್ದೇ 1950ರ ದಶಕದಲ್ಲಿ, ಪುಣೆಯಲ್ಲಿ. ಅಲ್ಲಿಂದ ನಮ್ಮ ಊರಿಗೂ ಬಂದಿದೆ ಬಿಡಿ. ಇದರ ಪರಾಗ ಮೂಗಿಗೂ ಕಾಟ. ಒಣಗಿದ ಪುಡಿ ಗಾಳಿಯಲ್ಲಿ ಬಂದು ಬಟ್ಟೆ ಮುಚ್ಚದ ಚರ್ಮದ ಮೇಲೆ, ಮುಖ್ಯವಾಗಿ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಇಸುಬು ಎಬ್ಬಿಸುತ್ತದೆ. ಹೂಬಿಡುವ ಮೊದಲೇ ಕೈಗವಸು ಹಾಕಿಕೊಂಡು ಬೇರುಸಹಿತ ಕೀಳಬೇಕು. ಈಗಾಗಲೇ ತುರಿಕೆ ಇರುವವರು ಕೀಳಲು ಹೋಗಬಾರದು. ಚರ್ಮರೋಗ ತಜ್ಞರು ಬೆನ್ನಿಗೆ ಪಟ್ಟಿ ಅಂಟಿಸಿ ಪರೀಕ್ಷಿಸಿ ಖಚಿತಪಡಿಸುತ್ತಾರೆ.

## ಮನೆಯಲ್ಲಿ ಮಾಡುವುದು, ಮಾಡಬಾರದ್ದು

ಆಯುಧಪೂಜೆಗೆ ಮನೆ ಸ್ವಚ್ಛ ಮಾಡಿದ ಮರುದಿನವೇ ಮಲಗಿಬಿಡುತ್ತೇನೆ. ಸ್ವಚ್ಛ ಮಾಡುವುದೇ ತಪ್ಪೇ?

ವಿಧಾನ ತಪ್ಪು. ಒಣ ಪೊರಕೆ, ಒಣ ಬಟ್ಟೆ ಧೂಳನ್ನು ಜಾಗ ಬದಲಿಸುತ್ತವೆ ಅಷ್ಟೇ. ಒದ್ದೆ ಬಟ್ಟೆಯಿಂದ ಒರೆಸಿ, ಮುಖಕ್ಕೆ ಎನ್95 ಮುಸುಕು ಹಾಕಿಕೊಳ್ಳಿ, ಅಟ್ಟದ ಪೆಟ್ಟಿಗೆಗಳನ್ನು ಇಳಿಸುವ ಕೆಲಸವನ್ನು ಅಲರ್ಜಿ ಇಲ್ಲದವರಿಗೆ ಕೊಡಿ. ಹಾಸಿಗೆಯ ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆದರೆ ಹುಳುಗಳು ಸಾಯುತ್ತವೆ. ತಣ್ಣೀರು ಹಿಕ್ಕೆಯನ್ನು ತೊಳೆಯುತ್ತದೆ, ಹುಳುವನ್ನು ಕೊಲ್ಲುವುದಿಲ್ಲ. ಗೋಡೆಯ ಬೂಷ್ಟಿಗೆ ಹೊಸ ಬಣ್ಣ ಬಳಿದು ಮುಚ್ಚಿದರೆ ಮುಂದಿನ ಆಷಾಢಕ್ಕೆ ಅದು ಮತ್ತೆ ಎದ್ದು ಬರುತ್ತದೆ. ಸೋರಿಕೆ ನಿಲ್ಲಿಸದೆ ಬಣ್ಣಕ್ಕೆ ದುಡ್ಡು ಸುರಿಯುವುದು ನಮ್ಮ ಹೌಸಿಂಗ್ ಸೊಸೈಟಿಗಳ ಹಳೆಯ ಚಾಳಿ.

ಯೋಗ ತರಗತಿಯಲ್ಲಿ ಜಲನೇತಿ ಹೇಳಿಕೊಟ್ಟಿದ್ದಾರೆ. ನಲ್ಲಿ ನೀರಿನಲ್ಲಿ ಮಾಡಬಹುದೇ?

ಹೊಳ್ಳೆಗಳಲ್ಲಿ ಉಪ್ಪುನೀರು ಹಾಯಿಸಿ ಮೂಗು ತೊಳೆಯುವ ಜಲನೇತಿ ಒಳ್ಳೆಯದು. ನಲ್ಲಿ ನೀರು ಬೇಡವೇ ಬೇಡ. ಕುಡಿದರೆ ಏನೂ ಮಾಡದ ನೇಗ್ಲೇರಿಯಾ ಎಂಬ ಅಮೀಬಾ ಮೂಗಿನ ಮೂಲಕ ಹೋದರೆ ಮೆದುಳಿಗೆ ಏರಬಲ್ಲದು. ಅಪರೂಪದ ಕಾಯಿಲೆ, ಆದರೆ ಬಂದವರಲ್ಲಿ ಉಳಿಯುವವರು ಕಡಿಮೆ. ನೀರನ್ನು ಕನಿಷ್ಠ ಒಂದು ನಿಮಿಷ ಕೊತಕೊತ ಕುದಿಸಿ ಆರಿಸಿ. ಮನೆಯ ಶುದ್ಧೀಕರಣ ಯಂತ್ರದ ನೀರಾದರೂ ಕುದಿಸಿಯೇ ಬಳಸಿ. ಒಂದು ಲೀಟರಿಗೆ 9 ಗ್ರಾಂ ಉಪ್ಪು, ಅಂದರೆ ಸುಮಾರು ಒಂದೂವರೆ ಟೀ ಚಮಚ; ಉಪ್ಪು ಕಡಿಮೆಯಾದರೆ ಮೂಗು ಉರಿಯುತ್ತದೆ. ನೀರು ಇಳಿದ ಮೇಲೆ ಎರಡೂ ಹೊಳ್ಳೆ ಒತ್ತಿ ಜೋರಾಗಿ ಸೀಟಬೇಡಿ. ಆ ನೀರು ಹೋಗುವುದು ನೇರ ಕಿವಿಯ ನಾಳಕ್ಕೆ. ಕಿವಿ ನೋವು ಇರುವಾಗ ನೇತಿಯನ್ನು ಬಿಡಿ.

ಅಮ್ಮ ವಾರಕ್ಕೊಮ್ಮೆ ಕಿವಿಗೆ ಬೆಚ್ಚನೆಯ ತೆಂಗಿನೆಣ್ಣೆ ಬಿಡುತ್ತಿದ್ದರು. ಈಗ ವೈದ್ಯರು ಬೈಯುತ್ತಾರೆ. ಯಾರ ಮಾತು ಕೇಳಲಿ?

ತೂತಿಲ್ಲದ ತಮಟೆ, ಒಣ ಕಿವಿ ಇದ್ದವರಿಗೆ ಎರಡು ತೊಟ್ಟು ಎಣ್ಣೆಯಿಂದ ಗಟ್ಟಿ ಗುಗ್ಗೆ ಮೆತ್ತಗಾಗುವುದು ನಿಜ. ತೊಂದರೆ ಏನೆಂದರೆ ತಮಟೆ ಹೇಗಿದೆ ಎಂದು ನಮಗೆ ಕಾಣುವುದಿಲ್ಲ. ಜತೆಗೆ ಅಕ್ಟೋಬರದ ಸೆಕೆಯಲ್ಲಿ ಎಣ್ಣೆ, ಬೆವರು ಸೇರಿ ಹೊರಕಿವಿಯ ದಾರಿ ಸದಾ ಒದ್ದೆಯಾಗಿದ್ದರೆ ಬೂಷ್ಟಿಗೆ ಹಬ್ಬ. ಒದ್ದೆ ಕಾಗದದ ಮೇಲೆ ಕರಿ ಚುಕ್ಕೆ ಇಟ್ಟಂತೆ ಕಾಣುವ ಆ ಸೋಂಕು ಮುಂಬಯಿ, ಗೋವಾದ ಹವೆಯಲ್ಲಿ ತೀರಾ ಸಾಮಾನ್ಯ; ನೋವಿಗಿಂತ ತುರಿಕೆಯೇ ಹೆಚ್ಚು. ವೈದ್ಯರು ಸ್ವಚ್ಛ ಮಾಡಿ ಬೂಷ್ಟಿನ ಔಷಧಿಯನ್ನೇ ಹಾಕಬೇಕು. ಆಂಟಿಬಯೋಟಿಕ್ ತೊಟ್ಟಿನಿಂದ ಅದು ಇನ್ನೂ ಹಬ್ಬುತ್ತದೆ. ಆದ್ದರಿಂದ ಕಳೆದ ವರ್ಷದ ಅರ್ಧ ಬಾಟಲಿಯನ್ನು ಹುಡುಕಿ ಹಾಕಿಕೊಳ್ಳಬೇಡಿ.

ಹೇರ್‌ಪಿನ್, ಬೀಗದ ಕೈ, ಹತ್ತಿ ಸುತ್ತಿದ ಕಡ್ಡಿ, ಸ್ಟೇಷನ್ ಹೊರಗೆ ಕೂತು ಕಿವಿ ಕೆರೆಯುವವನು — ನಾಲ್ಕೂ ಬೇಡ. ಗುಗ್ಗೆ ತಾನಾಗಿಯೇ ಹೊರಗೆ ಸರಿಯುತ್ತದೆ, ಕಡ್ಡಿ ಅದನ್ನು ಒಳಕ್ಕೆ ನೂಕುತ್ತದೆ.

ಪುಣೆಯಿಂದ ಮುಂಬಯಿಗೆ ಇಳಿಯುವಾಗ ಕಿವಿ ಕಟ್ಟುತ್ತದೆ, ಹತ್ತುವಾಗ ಅಷ್ಟಿಲ್ಲ. ಏಕೆ?

ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಖಂಡಾಲಾ ಘಾಟಿ ಹತ್ತುವಾಗ ಕಿವಿಯ ಒಳಗಿನ ಗಾಳಿ ಹಿಗ್ಗಿ ತಾನೇ ನಾಳವನ್ನು ತಳ್ಳಿಕೊಂಡು ಹೊರಬರುತ್ತದೆ. ಇಳಿಯುವಾಗ ಹೊರಗಿನ ಒತ್ತಡ ಹೆಚ್ಚುತ್ತದೆ, ನಾಳವನ್ನು ನಾವೇ ತೆರೆಯಬೇಕು, ಅಲರ್ಜಿ ಇದ್ದರೆ ಅದು ತೆರೆಯಲು ಒಪ್ಪುವುದಿಲ್ಲ. ಚಾಕಲೇಟು ಚೀಪಿ, ಮೂಗು ಹಿಡಿದು ಉಗುಳು ನುಂಗಿ. ಮೂಗು ಹಿಡಿದು ಊದುವುದಾದರೆ ಮೆಲ್ಲಗೆ. ಗೋವಾದಿಂದ ಚೋರ್ಲಾ ಘಾಟಿಯಲ್ಲಿ ಬೆಳಗಾವಿಗೆ ಓಡಾಡುವವರಿಗೂ ಇದೇ ಮಾತು. ವಿಮಾನದಲ್ಲಿ ಇಳಿಯುವ ಹೊತ್ತಿಗೆ ನಿದ್ದೆ ಮಾಡಬೇಡಿ, ಕೂಸಿಗೆ ಆಗ ಹಾಲು ಕೊಡಿ.

ಕಷಾಯ, ಅರಿಸಿನ ಹಾಲು, ಹಬೆ ಇವೆಲ್ಲ ದಂಡವೇ?

ದಂಡವಲ್ಲ. ಗಂಟಲಿಗೆ ಹಿತ, ಸಿಂಬಳ ಸಡಿಲ. ಅಲರ್ಜಿಯನ್ನು ತಡೆಯುವ ಶಕ್ತಿ ಅವಕ್ಕಿಲ್ಲ. ಮಕ್ಕಳಿರುವ ಮನೆಯಲ್ಲಿ ಹಬೆಯ ಪಾತ್ರೆ ಮಗುಚಿ ಸುಟ್ಟುಕೊಳ್ಳುವುದೇ ದೊಡ್ಡ ಅಪಾಯ.

## ಔಷಧಿಯ ಮಾತು

ಸೀನಿನ ಮಾತ್ರೆ ತಿಂದರೆ ಲೋಕಲ್ ಟ್ರೇನಿನಲ್ಲಿ ನಿಂತಲ್ಲೇ ತೂಕಡಿಸುತ್ತೇನೆ. ಬೇರೆ ಇದೆಯೇ?

ಹಳೆಯ ಕಾಲದ ಕ್ಲೋರ್‌ಫೆನಿರಮಿನ್ ನಿದ್ದೆ ತರುತ್ತದೆ. ಅಗ್ಗದ ನೆಗಡಿ ಮಾತ್ರೆಗಳಲ್ಲಿ ಇರುವುದು ಹೆಚ್ಚಾಗಿ ಇದೇ. ವಯಸ್ಸಾದವರಲ್ಲಿ ಮರೆವು, ಮೂತ್ರ ಕಟ್ಟುವುದು, ಬೀಳುವುದು ಎಲ್ಲಕ್ಕೂ ದಾರಿ. ಮೂಗು ಬಿಡಿಸಲು ಅದರೊಡನೆ ಫಿನೈಲೆಫ್ರಿನ್ ಸೇರಿಸಿದ್ದರೆ ರಕ್ತದೊತ್ತಡ ಇರುವವರು ಕೇಳಿಯೇ ತೆಗೆದುಕೊಳ್ಳಬೇಕು. ಇವೆರಡರ ಮಿಶ್ರಣವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರದ ಔಷಧ ನಿಯಂತ್ರಕರು 2023ರಲ್ಲಿ ಎಚ್ಚರಿಸಿದ್ದಾರೆ. ಹೊಸ ಪೀಳಿಗೆಯಲ್ಲಿ ಸೆಟಿರಿಜಿನ್, ಲಿವೊಸೆಟಿರಿಜಿನ್ ಕೆಲವರಿಗೆ ಮಂಪರು ತರುತ್ತವೆ, ಲೊರಟಡಿನ್, ಫೆಕ್ಸೊಫೆನಡಿನ್ ಕಡಿಮೆ. ಫೆಕ್ಸೊಫೆನಡಿನನ್ನು ಹಣ್ಣಿನ ರಸದ ಜತೆ ನುಂಗಬೇಡಿ, ಕಿತ್ತಳೆ, ಸೇಬಿನ ರಸ ಅದು ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತವೆ.

ಇನ್ನೊಂದು ಮಾತು. ಲಿವೊಸೆಟಿರಿಜಿನ್ ಜತೆ ಮಾಂಟೆಲುಕಾಸ್ಟ್ ಸೇರಿಸಿದ ಮಾತ್ರೆ ನಮ್ಮಲ್ಲಿ ಕಡಲೆಪುರಿಯಂತೆ ಖರ್ಚಾಗುತ್ತದೆ. ಮಾಂಟೆಲುಕಾಸ್ಟ್‌ನಿಂದ ಕೆಲವರಲ್ಲಿ ಕೆಟ್ಟ ಕನಸು, ಖಿನ್ನತೆ, ಆತ್ಮಹತ್ಯೆಯ ಯೋಚನೆ ಬರಬಹುದೆಂದು 2020ರಲ್ಲಿ ಅಮೆರಿಕದ ಔಷಧ ಆಡಳಿತ ತನ್ನ ಅತಿ ಕಟುವಾದ ಎಚ್ಚರಿಕೆಯನ್ನು ಹಾಕಿದೆ. ಬರೀ ಸೀನಿಗೆ ಅದು ಬೇಕೇ ಎಂದು ವೈದ್ಯರನ್ನು ಕೇಳಿ, ಕೇಳಲು ಸಂಕೋಚ ಬೇಡ.

ಮೂಗಿಗೆ ಹೊಡೆದುಕೊಳ್ಳುವ ಸ್ಪ್ರೇ ಸ್ಟಿರಾಯ್ಡ್ ಅಂತೆ. ಚಟ ಹತ್ತುವುದಿಲ್ಲವೇ?

ಚಟ ಹತ್ತುವ ಬಾಟಲಿ ಬೇರೆ, ಇದು ಬೇರೆ. ಎರಡೂ ಮೂಗಿಗೆ ಹೋಗುವುದರಿಂದ ಜನ ಬೆರೆಸಿಕೊಳ್ಳುತ್ತಾರೆ.

ಮೊಮೆಟಸೋನ್, ಫ್ಲುಟಿಕಸೋನ್ ಇರುವ ಸ್ಪ್ರೇ ಅಲರ್ಜಿಯ ಮೂಗಿಗೆ ಇರುವ ಔಷಧಿಗಳಲ್ಲೇ ಹೆಚ್ಚು ಪರಿಣಾಮಕಾರಿ. ರಕ್ತಕ್ಕೆ ಸೇರುವುದು ತೀರಾ ಅತ್ಯಲ್ಪ, ಚಟ ಹತ್ತುವುದಿಲ್ಲ. ಆದರೆ ಹೊಡೆದ ಐದು ನಿಮಿಷಕ್ಕೆ ಮೂಗು ಬಿಡುವುದಿಲ್ಲ. ಪೂರ್ತಿ ಗುಣ ಕಾಣಲು ಒಂದೆರಡು ವಾರ ದಿನವೂ ಬಳಸಬೇಕು. ನಾಲ್ಕನೇ ದಿನಕ್ಕೆ 'ಇದು ಕೆಲಸ ಮಾಡುವುದಿಲ್ಲ' ಎಂದು ಬಾಟಲಿ ಹಿಂದಿರುಗಿಸಲು ಬಂದವರು ಎಷ್ಟೋ. ವರ್ಷವೂ ಈ ಕಾಲಕ್ಕೇ ಕಾಡುತ್ತದೆ ಎಂದು ಗೊತ್ತಿರುವವರು ವೈದ್ಯರನ್ನು ಕೇಳಿ ಗಣೇಶನ ಹಬ್ಬ ಮುಗಿದೊಡನೆ ಶುರುಮಾಡಿಬಿಡುವುದು ಜಾಣತನ. ಹೊಡೆಯುವಾಗ ತಲೆ ತುಸು ಬಾಗಿಸಿ, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ಮೊನೆ ಕಣ್ಣಿನ ಹೊರಮೂಲೆಯ ಕಡೆ ಇರಲಿ. ನಡುಗೋಡೆಗೆ ಹೊಡೆದರೆ ರಕ್ತ ಒಸರುತ್ತದೆ. ಜೋರಾಗಿ ಎಳೆದುಕೊಂಡರೆ ಔಷಧಿ ಗಂಟಲಿಗೆ ಹೋಗುತ್ತದೆ, ಮೂಗಿಗೆ ದಕ್ಕುವುದಿಲ್ಲ.

ಹಾಗಾದರೆ ಚಟ ಹತ್ತುವ ಬಾಟಲಿ ಯಾವುದು?

ಕ್ಸೈಲೊಮೆಟಜೊಲಿನ್, ಆಕ್ಸಿಮೆಟಜೊಲಿನ್ ತೊಟ್ಟುಗಳು. ಕ್ಷಣದಲ್ಲಿ ಮೂಗು ಬಯಲಾಗುತ್ತದೆ. ಮೂರರಿಂದ ಐದು ದಿನ ದಾಟಿದರೆ ಔಷಧಿ ಇಳಿದೊಡನೆ ಮೊದಲಿಗಿಂತ ಹೆಚ್ಚು ಕಟ್ಟುತ್ತದೆ, ಮತ್ತೆ ಹಾಕಬೇಕು, ಮತ್ತೆ ಕಟ್ಟುತ್ತದೆ. ಔಷಧಿ ಮಾರುವವನಾಗಿ ನಾನೇ ಇದರ ಬಲೆಗೆ ಬಿದ್ದಿದ್ದೆ: ಹನ್ನೊಂದು ತಿಂಗಳು, ಜೇಬಿನಲ್ಲಿ ಬಾಟಲಿ ಇಲ್ಲದೆ ಪಕ್ಕದ ಊರು ಕಲ್ಯಾಣದವರೆಗೂ ಹೋಗಲಾಗುತ್ತಿರಲಿಲ್ಲ. ಬಿಡಿಸಿಕೊಂಡದ್ದು ಸ್ಟಿರಾಯ್ಡ್ ಸ್ಪ್ರೇ ನೆರವಿನಿಂದ, ಮೊದಲು ಒಂದು ಹೊಳ್ಳೆಗೆ ನಿಲ್ಲಿಸಿ, ಆಮೇಲೆ ಇನ್ನೊಂದಕ್ಕೆ. ಆ ಎರಡು ವಾರ ಬಾಯಿ ತೆರೆದು ಕೂತೇ ನಿದ್ದೆ ಮಾಡಿದೆ.

ಕಿವಿಗೆ ಹಾಕುವ ತೊಟ್ಟಿನಿಂದಲೇ ಕಿವಿ ಹೋಗಬಹುದೇ?

ತಮಟೆಯಲ್ಲಿ ತೂತಿದ್ದರೆ, ಜೆಂಟಾಮೈಸಿನ್‌ನಂಥ ಔಷಧಿ ಒಳಕಿವಿಗೆ ತಲುಪಿ ಹಾನಿ ಮಾಡಬಲ್ಲದು. ಅಂಥವರಿಗೆ ವೈದ್ಯರು ಸಿಪ್ರೊಫ್ಲಾಕ್ಸಸಿನ್, ಆಫ್ಲಾಕ್ಸಸಿನ್ ತೊಟ್ಟುಗಳನ್ನು ಆರಿಸುತ್ತಾರೆ. ಕಿವಿ ಸೋರುತ್ತಿದ್ದರೆ ಗಲ್ಲಾದ ಮೇಲಿನ ಸಲಹೆಯಿಂದ ತೊಟ್ಟು ಕೊಳ್ಳಬಾರದು; ಇದನ್ನು ಗಲ್ಲಾದ ಹಿಂದೆ ನಿಂತಿದ್ದವನೇ ಹೇಳುತ್ತಿದ್ದೇನೆ.

## ಹಬ್ಬದ ಸದ್ದು, ದಿನದ ಸದ್ದು

ದಾಂಡಿಯಾಕ್ಕೆ ಹೋಗುವಾಗ ಕಿವಿಗೆ ಹತ್ತಿ ಇಟ್ಟುಕೊಂಡರೆ ಸಾಕಲ್ಲವೇ?

ಹತ್ತಿಯಿಂದ ಕಡಿಮೆಯಾಗುವುದು ಕೆಲವೇ ಡೆಸಿಬಲ್. ಸ್ಪಂಜಿನ ಬಿರಡೆ ಸರಿಯಾಗಿ ಕೂತರೆ ಇಪ್ಪತ್ತು ಡೆಸಿಬಲ್‌ಗೂ ಮೇಲೆ ತಗ್ಗಿಸಬಲ್ಲದು. ಬಿರಡೆಯನ್ನು ಬೆರಳಲ್ಲಿ ಬತ್ತಿಯಂತೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಡಿ, ಉಬ್ಬುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಹತ್ತಿಪ್ಪತ್ತು ರೂಪಾಯಿಯ ವಸ್ತು.

ಇಲ್ಲಿನ ಗಣಿತ ತಿಳಿದರೆ ಎದೆ ಝಲ್ಲೆನ್ನುತ್ತದೆ. ದೊಡ್ಡವರಿಗೆ 80 ಡೆಸಿಬಲ್ ಸದ್ದು ವಾರಕ್ಕೆ 40 ಗಂಟೆಯವರೆಗೆ ಸುರಕ್ಷಿತ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪ್ರತಿ 3 ಡೆಸಿಬಲ್ ಏರಿಕೆಗೂ ಕಾಲ ಅರ್ಧವಾಗುತ್ತದೆ. 90ಕ್ಕೆ ಬಂದರೆ ನಾಲ್ಕು ಗಂಟೆ, 100ಕ್ಕೆ ಬಂದರೆ ಇಡೀ ವಾರಕ್ಕೆ ಸುಮಾರು 20 ನಿಮಿಷ. ಒಂಬತ್ತು ರಾತ್ರಿಯ ದಾಂಡಿಯಾವನ್ನು ನೀವೇ ಲೆಕ್ಕ ಹಾಕಿ. ಸ್ಪೀಕರಿನಿಂದ ದೂರ ನಿಲ್ಲುವುದೇ ಪುಕ್ಕಟೆ ಔಷಧಿ. ಬಯಲಿನಲ್ಲಿ ದೂರ ಎರಡರಷ್ಟಾದರೆ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಪಟಾಕಿಗೂ ಅದೇ: ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್ ಮೀರಬಾರದೆಂದು ನಿಯಮವಿದೆ, ಆದರೆ ಮಕ್ಕಳು ನಿಲ್ಲುವುದು ಒಂದು ಮೀಟರಿನಲ್ಲಿ.

ರಾತ್ರಿ ಹನ್ನೊಂದಕ್ಕೂ ಲೌಡ್‌ಸ್ಪೀಕರ್ ನಿಲ್ಲುವುದಿಲ್ಲ. ಕೇಳುವವರು ಯಾರೂ ಇಲ್ಲವೇ?

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಬಯಲಿನಲ್ಲಿ ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಷೇಧ. ಹಬ್ಬಗಳಿಗಾಗಿ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ರಾಜ್ಯ ಸರ್ಕಾರ ಸಡಿಲಿಸಬಹುದು. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ದೂರಿಗೆ 112. 'ಹೊರಗಿನವರು ನಾವೇಕೆ ದೂರಬೇಕು' ಎಂದು ನಮ್ಮವರು ಹಿಂಜರಿಯುವುದನ್ನು ನೋಡಿದ್ದೇನೆ. ಮೂರು ತಲೆಮಾರು ಇಲ್ಲೇ ತೆರಿಗೆ ಕಟ್ಟಿದವರು ಹೊರಗಿನವರು ಹೇಗಾಗುತ್ತಾರೆ?

ದಿನಕ್ಕೆ ಮೂರು ಗಂಟೆ ಟ್ರೇನಿನಲ್ಲಿ ಇಯರ್‌ಫೋನ್. ಎಷ್ಟು ವಾಲ್ಯೂಮ್ ಸರಿ?

ಟ್ರೇನಿನ ಗದ್ದಲವನ್ನು ಮೀರಿಸಲು ನೀವು ಅರಿವಿಲ್ಲದೆ ದನಿ ಏರಿಸುತ್ತೀರಿ, ಅಪಾಯ ಇರುವುದು ಅಲ್ಲಿ. ನಿಶ್ಶಬ್ದ ಕೋಣೆಯಲ್ಲಿ ವಾಲ್ಯೂಮ್ ಅರವತ್ತು ಪ್ರತಿಶತಕ್ಕೆ ಇಟ್ಟುಕೊಂಡು ಹೊರಡಿ, ದಾರಿಯಲ್ಲಿ ಮುಟ್ಟಬೇಡಿ. ಹೊರಸದ್ದನ್ನು ತಗ್ಗಿಸುವ ಇಯರ್‌ಫೋನ್ ಇದ್ದರೆ ಕಡಿಮೆ ದನಿಯಲ್ಲೇ ಕೇಳಬಹುದು. ಹಳಿ ದಾಟುವಾಗ ಮಾತ್ರ ಅದೇ ಗುಣ ಯಮನಾಗುತ್ತದೆ.

ಚೆಂಡೆ ಬಾರಿಸುತ್ತೇನೆ, ಹಗಲು ಹೋಟೆಲಿನ ಗ್ರೈಂಡರ್ ಪಕ್ಕ ಕೆಲಸ. ಮಾತು ಕೇಳಿಸುತ್ತದೆ, ಅರ್ಥವಾಗುವುದಿಲ್ಲ. ಏನಾಗಿದೆ?

ಇಷ್ಟು ನಿಖರವಾಗಿ ಹೇಳಿದ್ದೀರಿ, ತಜ್ಞರ ಅರ್ಧ ಕೆಲಸ ಮುಗಿಯಿತು. ಒಳಕಿವಿಯ ಸುರುಳಿಯಲ್ಲಿರುವ ಸುಮಾರು 15,000 ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸದ್ದಿನಿಂದ ಮೊದಲು ಸಾಯುವುದು 4,000 ಹರ್ಟ್ಸ್ ಆಸುಪಾಸಿನ ಕೀರಲು ದನಿಯಂಥ ಎತ್ತರದ ಸದ್ದು ಕೇಳುವ ಕೋಶಗಳು. ಅ, ಓ ಮುಂತಾದ ಸ್ವರಗಳು ತಗ್ಗಿನ ಸದ್ದು, ಅವು ಕೇಳಿಸುತ್ತವೆ. ಸ, ಶ, ಚ, ಟ ಎತ್ತರದ ಸದ್ದು, ಅವು ಜಾರಿಹೋಗುತ್ತವೆ. 'ಸಾಲ' ಎಂದರೋ 'ಶಾಲೆ' ಎಂದರೋ ಎಂದು ಊಹಿಸುವ ಪಾಡು ಅದರಿಂದ. ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು. ಭಾಗವತರ ಪದ ಕೆಡದಂತೆ ಎಲ್ಲ ಸ್ವರಗಳನ್ನೂ ಸಮನಾಗಿ ತಗ್ಗಿಸುವ ಸಂಗೀತಗಾರರ ಬಿರಡೆಗಳು ಸಿಗುತ್ತವೆ.

ವಾಸ್ಕೋ ಕಡೆ ಹಡಗುಕಟ್ಟೆಗಳಲ್ಲಿ ದುಡಿಯುವ ನಮ್ಮ ಉತ್ತರ ಕರ್ನಾಟಕದವರೂ ಗಮನಿಸಿ: ಕಾರ್ಖಾನೆಯಲ್ಲಿ ದಿನಕ್ಕೆ 8 ಗಂಟೆಗೆ 90 ಡೆಸಿಬಲ್ ಮಿತಿ, ಸದ್ದಿನಿಂದ ಬರುವ ಕಿವುಡು ಕಾನೂನಿನಲ್ಲಿ ವರದಿ ಮಾಡಲೇಬೇಕಾದ ಕಾಯಿಲೆ. ಗುತ್ತಿಗೆದಾರ ಕೊಡದಿದ್ದರೂ ಕಿವಿಗವಸು ಕೇಳಿ ಪಡೆಯಿರಿ.

## ಕಿವಿ ನಿಜವಾಗಿಯೇ ಕೈಕೊಟ್ಟಾಗ

ಬೆಳಿಗ್ಗೆ ಎದ್ದಾಗ ಒಂದು ಕಿವಿ ಪೂರ್ತಿ ಬಂದ್. ಮೂಗೂ ಕಟ್ಟಿದೆ. ನಾಲ್ಕು ದಿನ ಕಾದು ನೋಡಲೇ?

ಬೇಡ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ. ಗಂಟೆಗಳಲ್ಲಿ ಅಥವಾ ಮೂರು ದಿನದೊಳಗೆ ಒಂದು ಕಿವಿಯ ಕೇಳುವಿಕೆ ಬಿದ್ದುಹೋದರೆ, ಅದರಲ್ಲೂ ಕಿವಿಯಲ್ಲಿ ಗುಂಯ್ ಸದ್ದು, ತಲೆ ಸುತ್ತು ಜತೆಗಿದ್ದರೆ, ಅದು ಒಳಕಿವಿಯ ನರಕ್ಕೆ ಬಡಿದ ಪೆಟ್ಟಾಗಿರಬಹುದು. ಸ್ಟಿರಾಯ್ಡ್ ಚಿಕಿತ್ಸೆ ಬೇಗ ಶುರುವಾದಷ್ಟೂ ಒಳ್ಳೆಯದು, ಎರಡು ವಾರ ದಾಟಿದರೆ ಫಲ ತೀರಾ ಕಡಿಮೆ. ಋತು ಅಕ್ಟೋಬರ್ ಆದ್ದರಿಂದ ಎಲ್ಲರೂ ಅಲರ್ಜಿ ಎಂದೇ ಹೇಳುತ್ತಾರೆ, ನಾನೂ ಒಮ್ಮೆ ಒಬ್ಬರಿಗೆ ಹಾಗೆಯೇ ಹೇಳಿ ಮಾತ್ರೆ ಕೊಟ್ಟು ಕಳಿಸಿದ್ದೆ. ಮೂರು ವಾರದ ನಂತರ ಅವರು ಬಂದಾಗ ಕಾಲ ಮಿಂಚಿತ್ತು. ಆ ಮುಖ ಮರೆತಿಲ್ಲ.

ಮನೆಯಲ್ಲೇ ಒಂದು ಸುಳಿವು ನೋಡಬಹುದು. ಬಾಯಿ ಮುಚ್ಚಿ 'ಮ್' ಎಂದು ಗುನುಗಿ. ಸದ್ದು ಮುಚ್ಚಿದ ಕಿವಿಯಲ್ಲಿ ಜೋರಾಗಿ ಕೇಳಿದರೆ ಗುಗ್ಗೆ ಅಥವಾ ನಾಳದ ತೊಂದರೆ ಇರಬಹುದು. ಚೆನ್ನಾಗಿರುವ ಕಿವಿಯ ಕಡೆಗೇ ಸರಿದರೆ ಅಂದೇ ಕಿವಿ–ಮೂಗು–ಗಂಟಲು ತಜ್ಞರ ಬಳಿ ಹೋಗಿ. ಸಂದೇಹವಿದ್ದರೂ ಹೋಗಿ. ಗುನುಗುವುದು ಪರೀಕ್ಷೆಗೆ ಬದಲಿಯಲ್ಲ.

ಮಗ ಕರೆದರೆ ತಿರುಗುವುದಿಲ್ಲ, ಟಿವಿ ಜೋರು ಇಡುತ್ತಾನೆ. ಶಾಲೆಯಲ್ಲಿ ಗಮನವಿಲ್ಲ ಎನ್ನುತ್ತಾರೆ. ಹಠವೇ?

ಹಠ ಎನ್ನುವ ಮೊದಲು ಕಿವಿ ತೋರಿಸಿ. ಮಕ್ಕಳ ಯುಸ್ಟೇಶಿಯನ್ ನಾಳ ಗಿಡ್ಡ, ಹೆಚ್ಚು ಅಡ್ಡಡ್ಡ. ನೆಗಡಿ, ಅಲರ್ಜಿಗಳ ನಂತರ ತಮಟೆಯ ಹಿಂದೆ ಅಂಟಿನಂಥ ದ್ರವ ನಿಲ್ಲುತ್ತದೆ. ನೋವಿಲ್ಲ, ಜ್ವರವಿಲ್ಲ, ಆದ್ದರಿಂದ ಯಾರಿಗೂ ತಿಳಿಯುವುದಿಲ್ಲ. ಬಹುಪಾಲು ಮೂರು ತಿಂಗಳೊಳಗೆ ತಾನಾಗಿ ಇಳಿಯುತ್ತದೆ. ಆ ದ್ರವಕ್ಕೆ ಅಲರ್ಜಿ ಮಾತ್ರೆಯಿಂದ ಪ್ರಯೋಜನವಿಲ್ಲ. ಮೂಗಿನ ಅಲರ್ಜಿ ಇದ್ದರೆ ಅದಕ್ಕೆ ಬೇರೆ ಚಿಕಿತ್ಸೆ. ಮೂರು ತಿಂಗಳಾದರೂ ಇಳಿಯದೆ ಕೇಳುವಿಕೆ ಕುಂದಿದ್ದರೆ ತಮಟೆಯಲ್ಲಿ ಪುಟ್ಟ ಕೊಳವೆ ಇಡುವ ಮಾತು ಬರುತ್ತದೆ. ಅಲ್ಲಿಯವರೆಗೆ ಮುಂದಿನ ಬೆಂಚಿನಲ್ಲಿ ಕೂರಿಸಲು ಟೀಚರಿಗೆ ಹೇಳಿ.

ಅಲರ್ಜಿ ಪರೀಕ್ಷೆಗೆ ಸಾವಿರಾರು ರೂಪಾಯಿ ಕೇಳುತ್ತಾರೆ. ಮಾಡಿಸಲೇ? ಚುಚ್ಚುಮದ್ದಿನಿಂದ ಪೂರ್ತಿ ಹೋಗುತ್ತದೆಯೇ?

ಔಷಧಿಯಿಂದ ಆರಾಮವಿದ್ದರೆ ಅವಸರವಿಲ್ಲ. ಮುಂಗೈ ಮೇಲೆ ಚುಚ್ಚಿ ನೋಡುವ ಪರೀಕ್ಷೆಗೆ ಸುಮಾರು ಒಂದು ವಾರ ಮೊದಲು ಸೀನಿನ ಮಾತ್ರೆ ನಿಲ್ಲಿಸಬೇಕು. ರಕ್ತ ಪರೀಕ್ಷೆಗೆ ಬೇಕಿಲ್ಲ. ನೂರಾರು ಆಹಾರಗಳ ಪಟ್ಟಿಯ ಪ್ಯಾಕೇಜುಗಳ ಬಗ್ಗೆ ನನಗೆ ಗೌರವವಿಲ್ಲ. ರಕ್ತದಲ್ಲಿ ಕಂಡದ್ದೆಲ್ಲ ಕಾಯಿಲೆಯಲ್ಲ, ಅದನ್ನು ನಂಬಿ ಹಾಲು, ಬೇಳೆ, ತೆಂಗು ಬಿಟ್ಟು ಸೊರಗಿದವರನ್ನು ಕಂಡಿದ್ದೇನೆ. ಧೂಳುಹುಳುವಿನಂಥ ಖಚಿತ ಕಾರಣ ಸಿಕ್ಕರೆ ಅದನ್ನೇ ಅಲ್ಪ ಪ್ರಮಾಣದಲ್ಲಿ ಕೊಡುತ್ತಾ ದೇಹವನ್ನು ಪಳಗಿಸುವ ಚಿಕಿತ್ಸೆ ಇದೆ, ಚುಚ್ಚುಮದ್ದು ಅಥವಾ ನಾಲಿಗೆಯಡಿಯ ತೊಟ್ಟು. ಮೂರರಿಂದ ಐದು ವರ್ಷ. ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕು. ಆಸ್ತಮಾ ಹಿಡಿತದಲ್ಲಿ ಇಲ್ಲದವರಿಗೆ ಕೊಡುವುದಿಲ್ಲ.

ಅತ್ತೆಗೆ ಕಿವಿ ಪರೀಕ್ಷೆ ಮಾಡಿಸಿದೆವು. 'ಪದಗಳು ಅರ್ಥವೇ ಆಗುವುದಿಲ್ಲ, ಶ್ರವಣಯಂತ್ರದಿಂದ ಪ್ರಯೋಜನ ಕಡಿಮೆ' ಎಂದರು. ಅಷ್ಟು ಕೆಟ್ಟಿದೆಯೇ?

ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯಿತು ಎಂದು ಕೇಳಿದಿರಾ? ಕಿವಿ ಪರೀಕ್ಷೆಯಲ್ಲಿ ಎರಡು ಭಾಗ. ಬೀಪ್ ಸದ್ದಿಗೆ ಬೆರಳೆತ್ತುವುದಕ್ಕೆ ಭಾಷೆ ಬೇಡ. ಎರಡನೆಯದರಲ್ಲಿ ಪದ ಕೇಳಿ ಹಿಂದಿರುಗಿ ಹೇಳಬೇಕು. ಗದಗದಿಂದ ಮಗನ ಮನೆಗೆ ಬಂದ ಎಪ್ಪತ್ತೈದರ ಅಜ್ಜಿಗೆ ಮರಾಠಿ, ಹಿಂದಿ ಪದ ಕೇಳಿಸಿದರೆ ಅವರು ತಡಬಡಿಸುವುದು ಕಿವಿಯಿಂದಲೋ ಭಾಷೆಯಿಂದಲೋ? ಅಂಕ ಕಡಿಮೆ ಬಂದರೆ ಯಂತ್ರದ ಆಯ್ಕೆಯೂ ತಪ್ಪಬಹುದು.

ಕನ್ನಡದಲ್ಲಿ ಪದಪಟ್ಟಿಗಳಿವೆ. ನಮ್ಮ ಪದಗಳು ಸ್ವರದಲ್ಲಿ ಮುಗಿಯುವುದರಿಂದ ಇಂಗ್ಲಿಷಿನಂತೆ ಒಂದಕ್ಷರದ ಪದಗಳಲ್ಲ, 'ಮನೆ', 'ಬೆಕ್ಕು' ರೀತಿಯ ಎರಡಕ್ಷರದವು. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿತ ತಜ್ಞರು ಮುಂಬಯಿ, ಪುಣೆ, ಗೋವಾ ಮೂರೂ ಕಡೆ ಸಿಗಬಹುದು, ಕೇಳಿ ನೋಡಿ. ಬಾಂದ್ರಾದಲ್ಲಿ 1983ರಿಂದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯೂ ಇದೆ. ಕನ್ನಡ ಪಟ್ಟಿ ಎಲ್ಲಿಯೂ ಸಿಗದಿದ್ದರೆ 'ಇವರ ಮಾತೃಭಾಷೆ ಕನ್ನಡ' ಎಂದು ವರದಿಯಲ್ಲಿ ಬರೆಸಿ. ಊರಿಗೆ ಹೋದಾಗ ಮತ್ತೊಮ್ಮೆ ಮಾಡಿಸಿ.

ಶ್ರವಣಯಂತ್ರ ಅಕ್ಟೋಬರ್ ಬೆವರಿಗೆ ಕೆಡುತ್ತದೆ. ಅಕ್ಕಿ ಡಬ್ಬದಲ್ಲಿ ಇಡಬಹುದೇ?

ಅಕ್ಕಿಯ ಹುಡಿ ಮೈಕಿನ ತೂತಿಗೆ ಹೋಗುತ್ತದೆ, ಬೇಡ. ರಾತ್ರಿ ಯಂತ್ರವನ್ನು ಒಣ ಬಟ್ಟೆಯಿಂದ ಒರೆಸಿ, ಬ್ಯಾಟರಿ ಹೊರತೆಗೆದು, ಅದರ ಪುಟ್ಟ ಬಾಗಿಲು ತೆರೆದಿಟ್ಟು, ಸಿಲಿಕಾ ಜೆಲ್ ಇರುವ ಬಿಗಿ ಮುಚ್ಚಳದ ಡಬ್ಬದಲ್ಲಿ ಇಡಿ. ಹರಳಿನ ಬಣ್ಣ ತಿರುಗಿದರೆ ಬದಲಿಸಿ. ಹೊಸ ಬ್ಯಾಟರಿಯ ಅಂಟುಚೀಟಿ ಕಿತ್ತ ಮೇಲೆ ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಹಾಕಿ, ಅದು ಗಾಳಿಯಿಂದಲೇ ಚುರುಕಾಗುವ ಬ್ಯಾಟರಿ. ಹೇರ್ ಡ್ರೈಯರ್ ಹಿಡಿಯಬೇಡಿ. ಹರಳೂ ಬ್ಯಾಟರಿಯೂ ಮಕ್ಕಳ ಕೈಗೆ ಸಿಗದಿರಲಿ. ಗುಂಡಿ ಬ್ಯಾಟರಿ ನುಂಗಿದರೆ ತಕ್ಷಣ ಆಸ್ಪತ್ರೆ. ನಮ್ಮ ಮನೆಯಲ್ಲಿ ಚಿಕ್ಕಮ್ಮನ ಯಂತ್ರ ಹಳೆಯ ಗಾಜಿನ ಭರಣಿಯಲ್ಲಿ ಮೇಲಿನ ಕಪಾಟಿನಲ್ಲಿರುತ್ತದೆ. ಮುಚ್ಚಳದ ಮೇಲೆ 'ಇದು ಉಪ್ಪಿನಕಾಯಿ ಅಲ್ಲ' ಎಂದು ಚೀಟಿ ಅಂಟಿಸಿದ್ದೇವೆ.